ಕಿರಣ್‌ನನ್ನು ಹೊಡೆದದ್ದು, ಅಜೀತ್ ತಪ್ಪಿಸಿಕೊಂಡದ್ದು

ಆಕಾಶ ನೋಡುತ್ತಾ ನಿಂತವನಿಗೆ ತೊಂದರೆ ಯಾವಾಗಲೂ ನೆಲದ ಮೇಲಿಂದಲೇ ಬರುತ್ತದೆ. ಇದು ನನ್ನ ಸ್ವಂತ ಅನುಭವ, ಅದೂ ಒಂದು ಸಲದ್ದಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಕಬ್ಬಿಣ ಕೊರೆಯುತ್ತಿದ್ದೆ. ವಾರಕ್ಕೊಂದು ದಿನ ಯುದ್ಧವಿಮಾನಗಳ ಫೋಟೋ ತೆಗೆಯುತ್ತಿದ್ದೆ. ತೆಗೆಯುತ್ತಿದ್ದೆ ಅನ್ನುವುದು ದೊಡ್ಡ ಮಾತಾಯಿತು, ತೆಗೆಯಲು ಹೋಗುತ್ತಿದ್ದೆ.

ಜೊತೆಗೆ ಟೂಲ್‌ರೂಮಿನಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಇರುತ್ತಿದ್ದ. ಕ್ಯಾಮೆರಾ ಅವನದು, ದುಬೈಯಿಂದ ಅವನ ಭಾವ ತಂದುಕೊಟ್ಟದ್ದು. ಊರಿನ ಪೂರ್ವಕ್ಕಿದ್ದ ರನ್‌ವೇಯಿಂದ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಎರಡು ಜಾತಿಯ ಜೆಟ್ ವಿಮಾನಗಳು. ಒಂದರ ಹೆಸರು ಕಿರಣ್. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಸಾಧು ವಿಮಾನ. ಇನ್ನೊಂದು ಅಜೀತ್. ಪುಟ್ಟ ಫೈಟರ್, ಆದರೆ ಸದ್ದು ಕಿವಿಗೆ ಬೀಳುವಷ್ಟರಲ್ಲಿ ತಾನು ಮಾಯವಾಗಿರುತ್ತಿತ್ತು. ಈ ಅಜೀತ್ ಇಳಿಯುವಾಗ, ಚಕ್ರ ಕೆಳಗೆ ಬಿಟ್ಟು ಹೊಟ್ಟೆ ತೋರಿಸಿಕೊಂಡು ಬರುವ ಒಂದೇ ಒಂದು ಸ್ಪಷ್ಟ ಫೋಟೋ ಸಿಗಬೇಕು ಅನ್ನುವುದು ನಮ್ಮಿಬ್ಬರ ಜೀವನದ ಗುರಿಯಾಗಿತ್ತು. ನಮ್ಮ ವಯಸ್ಸಿನವರಿಗೆ ಬೇರೆ ಬೇರೆ ಗುರಿಗಳಿದ್ದವು. ಅವರೆಲ್ಲ ಈಗ ಚೆನ್ನಾಗಿದ್ದಾರೆ.

ಬೋರ್ಡಿನ ಉಪಕಾರ

ಕರೆಂಟಿನ ಅಭಾವವೆಂದು ಸರ್ಕಾರ ಒಂದೊಂದು ಕಡೆಯ ಕಾರ್ಖಾನೆಗಳಿಗೆ ವಾರದ ರಜೆಯನ್ನು ಒಂದೊಂದು ದಿನಕ್ಕೆ ಹಂಚಿತ್ತು. ನಮ್ಮ ಪಾಲಿಗೆ ಬಂದದ್ದು ಬುಧವಾರ. ಹೆಂಡತಿ ಮಕ್ಕಳಿಗೆಲ್ಲ ಭಾನುವಾರ ರಜೆ, ತಮಗೆ ಮಾತ್ರ ಬುಧವಾರ ಎಂದು ಉಳಿದವರು ಶಾಪ ಹಾಕುತ್ತಿದ್ದರು. ಯುದ್ಧವಿಮಾನಗಳು ಭಾನುವಾರ ಹಾರುವುದಿಲ್ಲ, ಬುಧವಾರ ಹಾರುತ್ತವೆ. ರಾಜ್ಯದ ವಿದ್ಯುತ್ ಅಭಾವದಿಂದ ಉದ್ಧಾರವಾದವರು ನಾವಿಬ್ಬರೇ ಇರಬೇಕು.

ಮೊದಲ ಬುಧವಾರ ಒಳ್ಳೆಯ ಜಾಗ ಹುಡುಕಿಕೊಂಡು ಕಾಂಪೌಂಡ್ ಗೋಡೆಯ ಸುತ್ತ ನಡೆದೆವು. ಜಾಗ ಹುಡುಕುವುದು ಸುಲಭವಾಗಿತ್ತು. ಎಲ್ಲಿಂದ ವಿಮಾನ ಅಚ್ಚುಕಟ್ಟಾಗಿ ಕಾಣುತ್ತದೋ ಸರಿಯಾಗಿ ಅಲ್ಲೇ 'ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿದೆ' ಎಂಬ ಬೋರ್ಡು ನೆಟ್ಟಿದ್ದರು. ಪ್ರವಾಸಿಗಳಿಗೆ ಬೇಲೂರು ಹಳೇಬೀಡಿನ ದಾರಿಯನ್ನೂ ಸರ್ಕಾರ ಇಷ್ಟು ನಿಷ್ಠೆಯಿಂದ ತೋರಿಸಿಕೊಟ್ಟದ್ದನ್ನು ನಾನು ಕಂಡಿಲ್ಲ.

ಆದರೆ ನಾವು ಕಾನೂನಿಗೆ ಹೆದರುವ ಜನ. ಗೇಟಿನ ಕಾವಲುಗಾರನ ಹತ್ತಿರ ಹೋಗಿ ವಿನಯದಿಂದಲೇ ಕೇಳಿದೆ, "ಸಾರ್, ಈ ನಿಷೇಧ ಎಲ್ಲೀ ತನಕ ಇದೆ? ಅದರಿಂದಾಚೆ ಹೋಗಿ ನಿಂತ್ಕೋತೀವಿ."

ಅವನು ನಮ್ಮನ್ನೂ ಕ್ಯಾಮೆರಾವನ್ನೂ ಮೇಲಿಂದ ಕೆಳಗೆ ನೋಡಿದ. "ನೀವು ಎಲ್ಲಿ ನಿಂತ್ಕೋತೀರೋ ಅಲ್ಲೀ ತನಕ," ಅಂದ.

ಅವರೆಕಾಯಿ

ಗೇಟಿನ ಸಹವಾಸ ಬೇಡವೆಂದು ಮುಂದಿನ ಬುಧವಾರ ದೊಡ್ಡನೆಕ್ಕುಂದಿ ಕಡೆಯ ಹೊಲಗಳಿಗೆ ಹೋದೆವು. ಇಳಿಯುವ ವಿಮಾನಗಳು ಅಲ್ಲಿ ತಲೆಯ ಮೇಲೆಯೇ ಬರುತ್ತಿದ್ದವು, ಬೋರ್ಡೂ ಇರಲಿಲ್ಲ. ಗೆಳೆಯ ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಒಂದು ಕಣ್ಣು ಮುಚ್ಚಿ ಅದರೊಳಗೆ ನೋಡತೊಡಗಿದ. ಅಷ್ಟೇ ಸಾಕಾಯಿತು. ಹೊಲದ ಯಜಮಾನ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದ.

ಆ ಕಾಲದಲ್ಲಿ ಆ ಕಡೆ ಕಾರ್ಖಾನೆಗಳಿಗಾಗಿ ಸರ್ಕಾರ ಜಮೀನು ಹಿಡಿಯುತ್ತಿತ್ತು. ಮೂರು ಕಾಲಿನ ಸ್ಟ್ಯಾಂಡು ಹೊತ್ತು ಪ್ಯಾಂಟು ಹಾಕಿಕೊಂಡು ಬಂದವನು ಅಂದರೆ ಸರ್ವೆಯವನು. ಅವನು ಒಂದು ಕಣ್ಣು ಮುಚ್ಚಿದ ಅಂದರೆ ಒಂದು ಜಮೀನು ಹೋಯಿತು.

"ಸಾಮಿ, ಇಲ್ಲಿಗಂಟ ಬಂದ್ಬುಟ್ರಾ?" ಅಂದ ಯಜಮಾನ.

"ನಾವು ಸರ್ವೆಯವರಲ್ಲ ಯಜಮಾನ್ರೇ. ವಿಮಾನದ ಫೋಟೋ ತೆಗೀಯಕ್ಕೆ ಬಂದಿದೀವಿ."

"ಅಂಗೇ ಏಳ್ತಾರೆ ಬುಡಿ. ಓದ ಸಲ ಬಂದೋರು ಪಕ್ಸಿ ನೋಡಕ್ ಬಂದಿವ್ನಿ ಅಂದ್ರು. ಆ ಕಡೆ ತೋಪೇ ಓಯ್ತು." ಆಮೇಲೆ ದನಿ ತಗ್ಗಿಸಿ, "ನಮ್ದು ಬುಟ್ಬುಟ್ಟು ಒಸಿ ಅತ್ಲಾಗೆ ತಿರುಗ್ಸಿ ಸಾಮಿ. ಅದು ನಮ್ಮ ತಮ್ಮಂದು. ಒಳ್ಳೇ ಬೂಮಿ," ಎಂದು ಹೇಳಿ, ಬೇಡವೆಂದರೂ ಕೇಳದೆ ಒಂದು ಚೀಲ ಅವರೆಕಾಯಿ ಕೊಟ್ಟು ಕಳಿಸಿದ. ಬೇಡ ಅಂದಷ್ಟೂ ನಾವು ಪಕ್ಕಾ ಸರ್ಕಾರದವರು ಎಂದು ಅವನಿಗೆ ಖಾತ್ರಿಯಾಗುತ್ತಿತ್ತು.

ಪಕ್ಕದ ಹೊಲಕ್ಕೆ ಹೋದೆವು. ತಮ್ಮ ಅಲ್ಲಿ ಆಗಲೇ ಇನ್ನೊಂದು ಚೀಲ ತುಂಬಿಸಿಕೊಂಡು ನಿಂತಿದ್ದ. ಅಣ್ಣನ ಭೂಮಿಯ ಗುಣಗಾನವನ್ನು ಅಷ್ಟು ಪ್ರೀತಿಯಿಂದ ಮಾಡಿದ ತಮ್ಮನನ್ನು ನಾನು ಪುರಾಣದಲ್ಲೂ ಕೇಳಿಲ್ಲ. ಈ ಮಾತುಕತೆಯ ನಡುವೆ ಅಜೀತ್ ಬಂದು, ಇಳಿದು, ಹೋಗಿಯೂ ಆಗಿತ್ತು.

ಸಂಜೆ ಎರಡು ಚೀಲ ಸೊಗಡಿನ ಕಾಯಿ ಮನೆಗೆ ಬಂದದ್ದು ನೋಡಿ ಅಮ್ಮನಿಗೆ ನನ್ನ ಹವ್ಯಾಸದ ಮೇಲೆ ಮೊದಲ ಬಾರಿಗೆ ಗೌರವ ಬಂತು. "ವಿಮಾನ ಸಿಗದಿದ್ರೆ ಹೋಗ್ಲಿ ಬಿಡು," ಅಂದಳು. "ಮುಂದಿನ ವಾರ ತೊಗರಿಕಾಯಿ ಇರೋ ಕಡೆ ನಿಂತ್ಕೊಳಿ."

ಕಲೆ

ಹೇಗೋ ಒಂದು ರೀಲು ಮುಗಿಸಿದೆವು. ನಮ್ಮ ಲೆನ್ಸು ಮದುವೆ, ನಾಮಕರಣಗಳಿಗೆ ಮಾಡಿದ್ದು. ಅದರಲ್ಲಿ ಜೆಟ್ ವಿಮಾನ ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು. ಪರವಾಗಿಲ್ಲ, ದೊಡ್ಡದು ಮಾಡಿಸಿದರಾಯಿತು ಎಂದು ರಾಜಾಜಿನಗರದ ಸ್ಟುಡಿಯೋಗೆ ಕೊಟ್ಟೆವು. ಸ್ಟುಡಿಯೋದ ಮಾಲೀಕ ತನ್ನ ಕೆಲಸದಲ್ಲಿ ಬಹಳ ಹೆಮ್ಮೆಯಿದ್ದ ಮನುಷ್ಯ. ವಾರದ ನಂತರ ದೊಡ್ಡ ದೊಡ್ಡ ಪ್ರಿಂಟುಗಳನ್ನು ನಮ್ಮ ಮುಂದೆ ಹರಡಿದ.

ಎಲ್ಲದರಲ್ಲೂ ಬರೀ ಆಕಾಶ. ಕಲ್ಮಶವಿಲ್ಲದ, ನಿರ್ಮಲವಾದ, ಖಾಲಿ ಆಕಾಶ.

"ವಿಮಾನ ಎಲ್ಲಿ ಸಾರ್?" ಅಂದ ಗೆಳೆಯ.

"ಯಾವ ವಿಮಾನ? ನಿಮ್ಮ ನೆಗೆಟಿವ್‌ನಲ್ಲಿ ಪ್ರತಿಯೊಂದರಲ್ಲೂ ಮಧ್ಯ ಒಂದು ಕಲೆ ಇತ್ತು ಸಾರ್," ಅಂದ ಮಾಲೀಕ. "ಬ್ರಷ್ ಹಿಡ್ಕೊಂಡು ಕೂತು ಎಲ್ಲಾ ನೀಟಾಗಿ ತೆಗೆದಿದೀನಿ. ಬೇರೆ ಸ್ಟುಡಿಯೋದವ್ರು ಇಷ್ಟೆಲ್ಲಾ ಮಾಡಲ್ಲ."

ಬಸ್ಸಿನಲ್ಲಿ ಕೊಲೆಪಾತಕರು

ಫೋಟೋ ತೆಗೆಯುವುದಕ್ಕೆ ನಾವು ಬೆಂಗಳೂರಿನವರು ಫೋಟೋ ಹೊಡೆಯುವುದು ಅನ್ನುತ್ತೇವೆ. ಈ ಒಂದು ಮಾತೂ ವಿಮಾನಗಳಿಗೆ ಪಕ್ಕದ ಮನೆಯ ಹುಡುಗರ ಹೆಸರಿಟ್ಟ ಪುಣ್ಯಾತ್ಮರೂ ಸೇರಿ ನಮ್ಮನ್ನು ಠಾಣೆ ಹತ್ತಿಸಿದರು.

ಆ ಬುಧವಾರ ನನಗೆ ಜ್ವರದ ಸುಸ್ತು. ನಾನು ಮರದ ನೆರಳಲ್ಲಿ ಮಲಗಿಬಿಟ್ಟಿದ್ದೆ. ಗೆಳೆಯ ಒಬ್ಬನೇ ಹೊಲದಲ್ಲಿ ನಿಂತಿದ್ದ. ವಾಪಸು ಬರುವಾಗ ಮಾರತಹಳ್ಳಿಯಲ್ಲಿ ಬಸ್ ಹತ್ತಿ ಕೂತ ಮೇಲೆ, ಏನಾಯಿತೆಂದು ಕೇಳಿದೆ.

"ಕಿರಣ್‌ನ ಮೂರು ಸಲ ಹೊಡೆದೆ ಗುರು."

"ಎಲ್ಲಿಗೆ ಬಿತ್ತು?"

"ಒಂದು ಸರಿಯಾಗಿ ಹೊಟ್ಟೆಗೆ. ಇನ್ನೊಂದರಲ್ಲಿ ತಲೆ ಕಟ್ ಆಗೋಯ್ತು."

"ಅಜೀತ್?"

"ತಪ್ಪಿಸ್ಕೊಂಡ್ಬಿಟ್ಟ ಕಣೋ. ಎಷ್ಟೊತ್ತಿಂದ ಕಾಯ್ತಿದ್ದೆ ಗೊತ್ತಾ?"

"ಬಿಡು, ಎಲ್ಲಿ ಹೋಗ್ತಾನೆ. ಮುಂದಿನ ವಾರ ಯಾವುದಾದ್ರೂ ಮನೆ ಮೇಲೆ ಹತ್ತಿ ಹೊಡೆಯೋಣ."

ಮುಂದಿನ ಸೀಟಿನ ಹೆಂಗಸು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ನಮ್ಮ ಪಕ್ಕದಲ್ಲಿ ಕೂತಿದ್ದವರು ಎದ್ದು ಹೋಗಿ ನಿಂತುಕೊಂಡರು. ಬೆಂಗಳೂರಿನ ಜನಕ್ಕೆ ಎಷ್ಟು ಸೌಜನ್ಯ ಎಂದುಕೊಂಡು ನಾನು ಕಾಲು ಚಾಚಿ ಕೂತೆ. ಕಂಡಕ್ಟರ್ ಡ್ರೈವರ್ ಕಿವಿಯಲ್ಲಿ ಏನೋ ಹೇಳಿದ. ಬಸ್ಸು ನಡುವೆ ಎಲ್ಲೂ ನಿಲ್ಲದೆ ಸೀದಾ ಪೊಲೀಸ್ ಠಾಣೆಯ ಮುಂದೆ ಹೋಗಿ ನಿಂತಿತು. ಅಲ್ಲಿ ಸ್ಟಾಪೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಲಾಠಿ ಇಟ್ಟುಕೊಂಡು ಕೇಳಿದರು, "ಕಿರಣ್ ಎಲ್ಲಿ?"

ಗೆಳೆಯ, "ಮಧ್ಯಾಹ್ನಾನೇ ಇಳಿದ ಸಾರ್. ಈಗ ಶೆಡ್‌ನಲ್ಲಿರ್ತಾನೆ," ಅಂದ.

"ಶೆಡ್‌ನಲ್ಲಿ ಕೂಡಿಹಾಕಿದೀರಾ?"

"ನಾವಲ್ಲ ಸಾರ್. ಸರ್ಕಾರದವರು."

"ಉಸಿರಾಡ್ತಿದಾನಾ?"

ನನ್ನ ಗೆಳೆಯನಿಗೆ ತಾಂತ್ರಿಕ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟು ಅಭ್ಯಾಸವಿಲ್ಲ. "ಇಷ್ಟೊತ್ತಿಗೆ ಇಂಜಿನ್ ಆಫ್ ಮಾಡಿರ್ತಾರೆ ಸಾರ್," ಅಂದ.

ಕೊನೆಗೆ ನಾನೇ ಬಾಯಿಬಿಟ್ಟು, ಕಿರಣ್ ಮನುಷ್ಯನಲ್ಲ, ವಾಯುಪಡೆಯ ವಿಮಾನ ಎಂದು ಬಿಡಿಸಿ ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು, ಹೊಡೆದಾಟದ ಕೇಸೇ ವಾಸಿಯಾಗಿತ್ತು. ಈಗ ಅದು ದೇಶದ್ರೋಹವಾಯಿತು. ಕ್ಯಾಮೆರಾದಿಂದ ರೀಲು ತೆಗೆಸಿ ತೊಳೆಸಲು ಕಳಿಸಿದರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಪೇಪರಿನಲ್ಲಿ ಹೆಸರು ಬಂದರೆ ಕೆಲಸ ಹೋಗುತ್ತದೆ, ಅಮ್ಮ ಬೀದಿಯಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ. ಎರಡು ರೆಕ್ಕೆಯ ತಗಡಿಗೋಸ್ಕರ ಇದೆಲ್ಲ ಬೇಕಿತ್ತಾ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಪ್ರಿಂಟುಗಳು ಬಂದವು. ಇನ್ಸ್‌ಪೆಕ್ಟರ್ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಎಲ್ಲವನ್ನೂ ನಮ್ಮ ಕಡೆ ತಳ್ಳಿದರು.

"ಇದರಲ್ಲಿರೋದು ಒಂದು ಎಮ್ಮೆ, ಕರೆಂಟ್ ಕಂಬ, ಮಿಕ್ಕಿದ್ದೆಲ್ಲ ಇವನ ಬೆರಳು. ತಗೊಂಡು ಹೋಗ್ರೀ. ಇದನ್ನ ಶತ್ರು ದೇಶಕ್ಕೆ ಕಳಿಸಿದ್ರೆ ನಮಗೇ ಒಳ್ಳೇದು, ಅವರು ಇನ್ನು ನಾಲ್ಕು ವರ್ಷ ತಲೆ ಕೆಡಿಸ್ಕೊಂಡು ಕೂತಿರ್ತಾರೆ."

ಗಟ್ಟಿಮೇಳ

ಠಾಣೆಯ ಸುದ್ದಿ ಅಮ್ಮನಿಗೆ ತಲುಪಿತು. ನಮ್ಮ ಕಡೆ ಗಂಡುಮಕ್ಕಳ ಸಕಲ ರೋಗಕ್ಕೂ ಮದುವೆಯೇ ಔಷಧ. ಎರಡೇ ವಾರದಲ್ಲಿ ಅಮ್ಮ ಒಂದು ಸಂಬಂಧ ತಂದಳು.

"ಹುಡುಗಿ ತಂದೆ ಫ್ಯಾಕ್ಟರಿ ಫೋರ್‌ಮನ್. ಮನೆ ದೊಡ್ಡನೆಕ್ಕುಂದಿ ಹತ್ರ."

"ನನಗೆ ಒಪ್ಪಿಗೆ," ಅಂದೆ.

"ಇನ್ನೂ ಹುಡುಗೀನೇ ನೋಡಿಲ್ಲವಲ್ಲೋ."

"ಮನೆಗೆ ತಾರಸಿ ಇದ್ಯಾ ಕೇಳಿದ್ಯಾ?"

ಹುಡುಗಿ ನೋಡಲು ಹೋದದ್ದು ಬುಧವಾರವೇ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಮೇಲೆ ಸದ್ದಾಯಿತು, ಸ್ಟೀಲ್ ಲೋಟಗಳು ಗಡಗಡ ನಡುಗಿದವು. ನಾನು ತಟ್ಟೆ ಹಿಡಿದುಕೊಂಡೇ ಕಿಟಕಿಗೆ ಹೋದೆ. ಹುಡುಗನಿಗೆ ನಾಚಿಕೆ ಎಂದು ಹಿರಿಯರು ಅರ್ಥ ಮಾಡಿಕೊಂಡರು. ನಮ್ಮಿಬ್ಬರನ್ನೇ ಮಾತಾಡಲು ಬಿಟ್ಟಾಗ, ಏನಾದರೂ ಕೇಳುವುದಿದೆಯಾ ಎಂದು ಅವಳೇ ಕೇಳಿದಳು.

"ಇದು ದಿನಾ ಎಷ್ಟು ಹೊತ್ತಿಗೆ ಬರುತ್ತೆ?" ಅಂದೆ.

ಅವಳು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. "ನಮ್ಮಕ್ಕನ ಮದುವೇಲಿ ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ಫೋಟೋದವರ ರೀಲು ಮುಗಿದುಹೋಯ್ತು," ಅಂದಳು. "ಈಗಲೂ ಆಲ್ಬಮ್ ತೆಗೆದಾಗೆಲ್ಲ ಕಣ್ಣಲ್ಲಿ ನೀರು ಹಾಕ್ಕೋತಾಳೆ. ನನಗೆ ಸೀರೆ, ಒಡವೆ ಅಂತ ಆಸೆ ಏನಿಲ್ಲ. ತಾಳಿ ಕಟ್ಟೋದು ಒಂದು ಫೋಟೋ ಚೆನ್ನಾಗಿ ಬರಬೇಕು. ಅಷ್ಟು ಮಾಡ್ತೀರಾ?"

ಆ ಮಾತು ನನ್ನ ಮನಸ್ಸಿಗೆ ನಾಟಿತು. ವಿಮಾನ ಮರೆತು ಅವಳ ಮುಖ ನೋಡಿದೆ. ಇವಳನ್ನೇ ಮದುವೆಯಾಗಬೇಕು ಅನ್ನಿಸಿತು. ಖಂಡಿತ ಮಾಡುತ್ತೇನೆ, ಇದಕ್ಕೆ ತಪ್ಪುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳಲು ಸ್ಟುಡಿಯೋದವರನ್ನು ನಂಬದೆ, ನನ್ನ ಟೂಲ್‌ರೂಮ್ ಗೆಳೆಯನಿಗೇ ಕೆಲಸ ವಹಿಸಿದೆ. ಅವನು ತಾಯಿಯ ಮೇಲೆ ಆಣೆ ಇಟ್ಟ. ಮೊದಲ ರೀಲು ಮುಗಿದರೂ ಇರಲಿ ಎಂದು ಎರಡನೆಯದನ್ನು ಜೇಬಿನಲ್ಲಿಟ್ಟುಕೊಂಡ.

ಮದುವೆ ಹುಡುಗಿಯ ಮನೆಯ ಮುಂದೆ, ತೆಂಗಿನ ಗರಿಯ ಚಪ್ಪರದಲ್ಲಿ. ಮುಹೂರ್ತ ಹತ್ತೂವರೆಗೆ. ಪುರೋಹಿತರು ತಾಳಿಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಮೇಳ, ಗಟ್ಟಿಮೇಳ," ಅಂದರು. ವಾಲಗ ಜೋರಾಯಿತು, ಅಕ್ಷತೆ ಹಿಡಿದ ಕೈಗಳು ಎದ್ದವು. ಗೆಳೆಯ ಎದುರಿಗೇ ಕ್ಯಾಮೆರಾ ಹಿಡಿದು ಕಂಬದ ಹಾಗೆ ನಿಂತಿದ್ದ. ಹುಡುಗಿ ಅವನ ಕಡೆಗೇ ಸ್ವಲ್ಪ ಮುಖ ತಿರುಗಿಸಿ, ಸಣ್ಣಗೆ ನಕ್ಕು, ಸಿದ್ಧಳಾದಳು.

ವಾಲಗ ಇದ್ದಕ್ಕಿದ್ದಂತೆ ಕೇಳಿಸದಾಯಿತು. ಊದುವವರ ಕೆನ್ನೆ ಉಬ್ಬುತ್ತಿತ್ತು, ಡೋಲಿನವನ ಕೈ ಆಡುತ್ತಿತ್ತು, ಕೇಳುತ್ತಿದ್ದದ್ದು ಬೇರೆಯೇ ಸದ್ದು. ಆ ಸದ್ದು ನಮ್ಮಿಬ್ಬರಿಗೆ ಚೆನ್ನಾಗಿ ಗೊತ್ತು. ನಾನು ಗೆಳೆಯನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಮರುಕ್ಷಣ ಎದುರಿಗೆ ಅವನಿರಲಿಲ್ಲ. ಚಪ್ಪರದಾಚೆ ಓಡುತ್ತಿದ್ದ ಎರಡು ಬರಿಗಾಲು ಮಾತ್ರ ಕಂಡವು. ನಾನು ಗರಿಗಳ ಸಂದಿಯಿಂದ ಮೇಲೆ ನೋಡಿದೆ. ಅಜೀತ್, ಕೈಗೆ ಸಿಗುವಷ್ಟು ಕೆಳಗೆ.

"ತಾಳಿ ಕೊರಳಿಗೆ ಕಟ್ಟಪ್ಪಾ," ಅಂದರು ಪುರೋಹಿತರು. "ಜಡೆಗಲ್ಲ."

ಗೆಳೆಯ ಹದಿನೈದು ದಿನ ಮುಖ ತೋರಿಸಲಿಲ್ಲ. ಆಮೇಲೆ ಒಂದು ಸಂಜೆ ಬಂದು, ಪ್ರಿಂಟುಗಳ ಕವರನ್ನು ಬಾಗಿಲಲ್ಲೇ ಕೊಟ್ಟು, ಕಾಫಿಗೂ ನಿಲ್ಲದೆ ಹೋದ. ಬೀಗರ ಊಟ, ಆರತಿ, ಚಪ್ಪಲಿ ಕದ್ದದ್ದು ಎಲ್ಲ ಇತ್ತು. ತಾಳಿ ಕಟ್ಟಿದ್ದು ಇರಲಿಲ್ಲ. ಅದರ ಜಾಗದಲ್ಲಿ ಅಜೀತ್ ಇತ್ತು. ಮೂರೂ ಚಕ್ರ ಕೆಳಗೆ ಬಿಟ್ಟು, ಹೊಟ್ಟೆಯ ಒಂದೊಂದು ರಿವೆಟ್ಟೂ ಕಾಣುವ ಹಾಗೆ. ಅಷ್ಟು ಒಳ್ಳೆಯ ಫೋಟೋ ನಾನು ಇವತ್ತಿನವರೆಗೂ ನೋಡಿಲ್ಲ. ಖುಷಿಪಡುವ ಧೈರ್ಯ ಮಾತ್ರ ಬರಲಿಲ್ಲ. ನನ್ನ ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು. ಆಲ್ಬಮ್ಮಿನ ನಡುವೆ ತಾಳಿಯ ಫೋಟೋಗೆಂದು ಬಿಟ್ಟಿದ್ದ ಪುಟದಲ್ಲಿ ಅಂಟಿಸಿದಳು. ಬೈದಿದ್ದರೆ ವಾಸಿಯಾಗಿತ್ತು.

ಮುಂದಿನ ತಿಂಗಳು ಊರಿಂದ ನನ್ನ ಸೋದರತ್ತೆ ಬಂದರು. ಮದುವೆಗೆ ಬರಲಾಗದಿದ್ದ ಬೇಸರಕ್ಕೆ ಆಲ್ಬಮ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ನೋಡಿದರು. ನಡುವಿನ ಪುಟಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡರು.

"ಇದೇನಮ್ಮಾ ಇದು, ವಿಮಾನ? ತಾಳಿ ಕಟ್ಟಿದ ಫೋಟೋ ಎಲ್ಲಿ?"

"ಅದೇ ಅತ್ತೆ," ಅಂದಳು ನನ್ನ ಹೆಂಡತಿ, ಕಾಫಿ ಲೋಟ ಅವರ ಮುಂದಿಡುತ್ತಾ. "ತಾಳಿ ಕಟ್ಟುವಾಗ ಇವರು ನೋಡ್ತಾ ಇದ್ದಿದ್ದು ಅದನ್ನೇ."