ಸಮುದ್ರದಿಂದ ಬಂದವನು

ಎಲ್ಲದಕ್ಕೂ ಮೂಲವೆಂದರೆ ಫೋಟೋ ಮಾಮನ ಎಡಗಾಲಿನ ಹಿಮ್ಮಡಿಯ ಮೇಲೆ ಎದ್ದ ಒಂದು ನೀರುಗುಳ್ಳೆ. ಅಂಗಿಯ ಗುಂಡಿಯಷ್ಟು ದೊಡ್ಡದೂ ಇರಲಿಲ್ಲ. ಆದರೆ ಅದು ಎದ್ದದ್ದು ಮೂರು ವಾರದ ನಡಿಗೆಯ ಮೊದಲನೆಯ ದಿನ, ಊರು ಕಣ್ಮರೆಯಾಗುವ ಮೊದಲೇ. ಮಧ್ಯಾಹ್ನದ ಹೊತ್ತಿಗೆ ಅದಕ್ಕೊಬ್ಬ ತಮ್ಮ ಹುಟ್ಟಿದ. ಸಂಜೆಯಾಗುವುದರೊಳಗೆ ಬಲಗಾಲಿನಲ್ಲೂ ಒಂದು ಸಂಸಾರ ನೆಲೆಯೂರಿತ್ತು.

ಫೋಟೋ ಮಾಮ ಊರಿನ ಹಳೆಯ ಸ್ಟುಡಿಯೋದವನು. ಫೋಟೋ ತೆಗೆಸುವುದೆಂದರೆ ಮನೆಮಂದಿಯೆಲ್ಲ ತಲೆ ಬಾಚಿ, ಇಸ್ತ್ರಿ ಬಟ್ಟೆ ತೊಟ್ಟು ಹೊರಡುತ್ತಿದ್ದ ಕಾಲ ಅದು. ಅವನ ಸ್ಟುಡಿಯೋದ ಗೋಡೆಗೆ ಒಂದು ದೊಡ್ಡ ಪರದೆ ತೂಗುತ್ತಿತ್ತು. ಅದರ ಮೇಲೆ ಸಮುದ್ರ. ಎಡಗಡೆ ದೀಪಸ್ತಂಭ, ನಡುವೆ ತೇಪೆ ಹಾಕಿದ ಹಾಯಿಯ ದೋಣಿ, ಮೇಲೆ ಒಂದೇ ಒಂದು ಹಕ್ಕಿ. ಊರಿನ ಮದುಮಕ್ಕಳು, ಹಸುಗೂಸುಗಳು, ರಿಟೈರಾದ ಗುಮಾಸ್ತರು, ಎಲ್ಲರೂ ಆ ದಡದಲ್ಲೇ ನಿಂತು ಗಂಭೀರವಾಗಿ ಉಸಿರು ಬಿಗಿಹಿಡಿದವರು. ಮಾಮ ಕ್ಯಾಮೆರಾದ ಕರಿಬಟ್ಟೆಯೊಳಗಿಂದ, “ಸ್ವಲ್ಪ ಸಮುದ್ರದ ಕಡೆ ವಾಲಿ... ಹಾಂ, ನಗಿ, ನಗಿ, ಹಲ್ಲು ಬೇಡ” ಅನ್ನುತ್ತಿದ್ದ.

ಪರದೆ ಬರೆದವನು ಅವನ ಸೋದರಮಾವ. ಸಮುದ್ರದವರೆಗೆ ನಡೆದೇ ಹೋಗಿ, ಕಣ್ತುಂಬ ನೋಡಿ ಬಂದು, ಮರೆಯುವ ಮೊದಲೇ ಬರೆದುಬಿಟ್ಟನಂತೆ. ಚಿಕ್ಕ ಹುಡುಗನಾಗಿದ್ದ ಮಾಮ ಆಗ ಬಣ್ಣದ ಡಬ್ಬ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಸೋದರಮಾವ ಒಂದೊಂದು ಅಲೆಗೂ ಒಂದೊಂದು ಕತೆ ಹೇಳುತ್ತಿದ್ದ. ದಾರಿಯಲ್ಲಿ ಯಾರು ಮಲಗಲು ಜಾಗ ಕೊಟ್ಟರು, ಯಾರು ಹರಿದ ಅಂಗಿ ಹೊಲಿದುಕೊಟ್ಟರು ಎಂಬುದೆಲ್ಲ ಆ ನೀಲಿಯೊಳಗೆ ಸೇರಿಕೊಂಡಿತ್ತು. ಆ ದಿನಗಳನ್ನು ನೆನೆದರೆ ಮಾಮನಿಗೆ ಈಗಲೂ ಮೂಗಿಗೆ ಬಣ್ಣದೆಣ್ಣೆಯ ವಾಸನೆ ಬರುತ್ತಿತ್ತು.

ದೊಡ್ಡ ರಸ್ತೆಯಲ್ಲಿ ಬಣ್ಣದ ಫೋಟೋ ತೆಗೆಯುವ ಸ್ಟುಡಿಯೋ ಬಂತು. ಗಿರಾಕಿಗಳು ಅತ್ತ ಹೋದರು. ಕೆಲಸವಿಲ್ಲದೆ ಪರದೆಯನ್ನೇ ನೋಡುತ್ತ ಕೂತ ಮಾಮನಿಗೆ ಒಂದು ದಿನ ಏನು ಹೊಕ್ಕಿತೋ, ಬೀದಿಗೆ ಬಂದು ಎದುರಂಗಡಿ ಟೈಲರನ ಮುಂದೆ ಘೋಷಿಸಿಬಿಟ್ಟ: “ನಾನೂ ನಡ್ಕೊಂಡೇ ಹೋಗ್ತೀನಿ. ಸಮುದ್ರದ ನೀರು ಮುಟ್ಟದೆ ಈ ಬೀದಿಗೆ ಕಾಲಿಡೋದಿಲ್ಲ.”

ಟೈಲರನಿಗೆ ಹೇಳಿದ ಮೇಲೆ ಪೇಪರಿಗೆ ಕೊಡುವ ಅಗತ್ಯವಿರಲಿಲ್ಲ. ಹೊರಡುವ ಬೆಳಿಗ್ಗೆ ಇಡೀ ಬೀದಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು. ಹೆಂಡತಿ ಮಾತ್ರ ಹೊಸ ಬೂಟಿನ ಕಡೆ ಒಮ್ಮೆ ನೋಡಿ, “ಹಳೇದೇ ಹಾಕ್ಕೊಳ್ಳಬಾರದಿತ್ತಾ?” ಎಂದಳು. ಮಾಮ ಕೇಳಿಸದವನಂತೆ ಕೈ ಬೀಸಿದ.

ಅದೇ ದಿನ ಕತ್ತಲಾಗುವ ಹೊತ್ತಿಗೆ ಅವನು ಪಕ್ಕದ ಊರಿನ ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಯಾರು, ಏನು ಎಂದು ಗಿರಣಿಯ ಅಜ್ಜಿ ಒಂದು ಮಾತೂ ಕೇಳಲಿಲ್ಲ. ಬೂಟು ಬಿಚ್ಚಿಸಿ, ಬಿಸಿನೀರು ಕೊಟ್ಟು, ಉಣ್ಣಲು ಹಾಕಿ, ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ಹಾಸಿಗೆ ಹಾಸಿದಳು. ಆ ಕಾಲದಲ್ಲಿ ಬಾಗಿಲಿಗೆ ಬಂದವನ ಹೆಸರು ಕೇಳುವುದು ಬೆಳಿಗ್ಗೆಯ ಕೆಲಸ. ಈಗ ಹಾಗಿಲ್ಲ ಎಂದುಕೊಂಡರೆ ಬೇಜಾರಾಗುತ್ತದೆ.

ಬೆಳಿಗ್ಗೆ ಎದ್ದ ಮಾಮನ ತಲೆಯಲ್ಲಿ ಇದ್ದದ್ದು ಒಂದೇ: ಸದ್ದಿಲ್ಲದೆ ಬಸ್ಸು ಹಿಡಿಯುವುದು, ಹಿತ್ತಲ ಬಾಗಿಲಿನಿಂದ ಮನೆ ಸೇರುವುದು, ಮೂರು ನಾಲ್ಕು ವಾರ ಕಿಟಕಿ ತೆರೆಯದೆ ಇರುವುದು. ಹೆಂಡತಿಯನ್ನು ಹೇಗೋ ಒಪ್ಪಿಸಬಹುದು. ಟೈಲರನ ಕಣ್ಣಿಗೆ ಬಿದ್ದರೆ ಮಾತ್ರ ಮುಗಿಯಿತು, ಬೀದಿಯಲ್ಲಿ ಇನ್ನು ತಲೆ ಎತ್ತುವ ಹಾಗಿಲ್ಲ.

ಅಷ್ಟರಲ್ಲಿ ಅಜ್ಜಿ ಅವನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡು ನೋಡಿದಳು. ಕಣ್ಣಲ್ಲಿ ನೀರು ಬಂತು.

“ಅಯ್ಯೋ ಮಗಾ, ಈ ಕಾಲಲ್ಲಿ ಅದೆಷ್ಟು ದೂರದಿಂದ ನಡ್ಕೊಂಡು ಬಂದ್ಯೋ!”

ನಿನ್ನೆ ಬೆಳಿಗ್ಗೆ ಪಕ್ಕದ ಊರಿನಿಂದ ಹೊರಟೆ ಎಂದು ಹೇಳಬೇಕಿತ್ತು. ನಾಲಿಗೆ ಒಪ್ಪಲಿಲ್ಲ.

“ಸಮುದ್ರದಿಂದ” ಎಂದ.

ಅಜ್ಜಿಯ ಮಗ, ಗಿರಣಿಯವನು, ಓಡುತ್ತಿದ್ದ ಮೆಷಿನ್ನಿನ ಬೆಲ್ಟು ಜಾರಿಸಿ ನಿಲ್ಲಿಸಿದ. ಕಾಳಿನ ಡಬ್ಬ ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಇತ್ತ ತಿರುಗಿದರು.

“ಸಮುದ್ರದಿಂದ! ನಡ್ಕೊಂಡು! ಇನ್ನೂ ಎಲ್ಲಿಗೆ ಹೋಗ್ಬೇಕು?” ಎಂದ ಗಿರಣಿಯವನು.

“ಇನ್ನೇನಿಲ್ಲ. ಪಕ್ಕದ ಊರೇ ನಮ್ದು.”

ಸುಳ್ಳಿನ ನಡುವೆ ಒಂದು ನಿಜ ಹೇಳಿದ ಸಮಾಧಾನ ಮಾಮನಿಗೆ. ಆದರೆ ಸಾಲಿನಲ್ಲಿದ್ದ ಹಾಲಿನವನು ಹಣೆ ಸುಕ್ಕುಗಟ್ಟಿಸಿಕೊಂಡು, “ನಿನ್ನೆ ಮಧ್ಯಾಹ್ನ ನಿಮ್ಮನ್ನ ನಿಮ್ಮೂರ ರಸ್ತೇಲಿ ನೋಡಿದ ಹಾಗಿತ್ತಲ್ಲ? ಅಲ್ಲಿಂದ ಈ ಕಡೆಗೇ ಬರ್ತಿದ್ರಿ” ಎಂದ.

ಮಾಮ ತಟ್ಟನೆ ಹಿಮ್ಮಡಿ ಮುಟ್ಟಿ ನೋಡಿಕೊಂಡ. “ಅದು... ಆಯಾಸದಲ್ಲಿ ದಿಕ್ಕು ತಪ್ಪಿ ಹಿಂದಕ್ಕೆ ತಿರುಗಿಬಿಟ್ಟಿದ್ದೆ.”

“ಪಾಪ! ಪಾಪ!” ಎಂದು ಇಡೀ ಗಿರಣಿ ಲೊಚಗುಟ್ಟಿತು. ಹಾಲಿನವನೇ ನಾಚಿಕೊಂಡು ಒಂದು ಚೆಂಬು ಹಾಲು ತಂದುಕೊಟ್ಟ.

ಸುದ್ದಿ ಹಬ್ಬಿತು. ಹಿಟ್ಟು ಬೇಡದವರೂ ಗಿರಣಿಗೆ ಬಂದರು. ಕ್ಷೌರಿಕ ತನ್ನ ಪೆಟ್ಟಿಗೆ ತಂದು, ಗುಳ್ಳೆಗಳಿಗೆ ಔಷಧ ಸವರಿ, ಹತ್ತಿ ಇಟ್ಟು ಬಟ್ಟೆ ಸುತ್ತಿದ. ಗಡ್ಡವನ್ನೂ ಬಿಟ್ಟಿಯಾಗಿ ಹೆರೆದ. ಒಂದೇ ದಿನದ ಗಡ್ಡ ಎಂದು ಅವನಿಗೆ ಗೊತ್ತಾಗದೆ ಇರಲಿಲ್ಲ. “ದಾರೀಲೂ ದಿನಾ ಕ್ಷೌರ ಮಾಡ್ಕೋತಿದ್ರಾ! ಶಿಸ್ತು ಅಂದ್ರೆ ಇದು” ಎಂದು ಊರವರಿಗೆಲ್ಲ ತೋರಿಸಿದ.

ಕೊನೆಗೆ ಬಂದವರು ರಿಟೈರಾದ ಹೆಡ್‌ಮೇಡಂ. ಅವರೂ ಸಮುದ್ರ ಕಂಡವರಲ್ಲ, ಆದರೆ ಅದರ ಮೇಲೆ ಪ್ರಬಂಧ ಬರೆಸಿ ಬರೆಸಿ ಮೂರು ತಲೆಮಾರಿಗೆ ಅಂಕ ಕೊಟ್ಟವರು.

“ಹೇಗಿದೆ ಹೇಳಿ, ಕೇಳೋಣ.”

ಮಾಮ ಕಣ್ಣು ಮುಚ್ಚಿ ಪರದೆಯನ್ನು ನೆನೆದ. “ಎಡಗಡೆ ಒಂದು ದೀಪಸ್ತಂಭ.”

“ಯಾವಾಗಲೂ ಎಡಗಡೇನೇನಾ?”

“ನಾನು ನೋಡಿದಾಗೆಲ್ಲ ಎಡಗಡೇನೇ ಇತ್ತು. ನಡುವೆ ಒಂದು ದೋಣಿ. ಹಾಯಿಗೆ ತೇಪೆ ಹಾಕಿದ್ದಾರೆ. ಮೇಲೆ ಒಂದು ಹಕ್ಕಿ.”

“ಹಾರ್ತಿತ್ತಾ?”

“ಹಾರ್ತಾನೇ ಇರತ್ತೆ. ಆದ್ರೆ ಎಲ್ಲಿಗೂ ಹೋಗಲ್ಲ.”

“ಆಹಾ!” ಎಂದರು ಹೆಡ್‌ಮೇಡಂ. “ಅಲೆಗಳ ಭೋರ್ಗರೆತ?”

ಇಲ್ಲಿ ಮಾಮ ಸಿಕ್ಕಿಬಿದ್ದ. ಇಷ್ಟು ವರ್ಷದಲ್ಲಿ ಪರದೆ ಒಮ್ಮೆಯೂ ಭೋರ್ಗರೆದಿರಲಿಲ್ಲ. “ಅಂಥಾ ಶಬ್ದ ಏನಿಲ್ಲ. ಗಾಳಿ ಬಂದಾಗ ಬಟ್ಟೆ ಅಲ್ಲಾಡಿದ ಹಾಗೆ, ಅಷ್ಟೇ.”

ಹೆಡ್‌ಮೇಡಂ ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆನಲ್ಲ ಎಂಬಂತೆ ನಿಟ್ಟುಸಿರುಬಿಟ್ಟರು. ಎಲ್ಲರೂ ಕಣ್ಣರಳಿಸಿ ಕೇಳುತ್ತಿದ್ದರು. ಸುಳ್ಳು ಇಷ್ಟು ಸುಲಭವಾಗಿ ಬರುತ್ತದೆಯೇ ಎಂದು ಮಾಮನಿಗೇ ಆಶ್ಚರ್ಯವಾಯಿತು. ಒಂದು ಗಳಿಗೆ ಸೋದರಮಾವನ ಮೇಲೂ ಅನುಮಾನ ಸುಳಿಯಿತು. ತಕ್ಷಣ ತನ್ನನ್ನೇ ಬೈದುಕೊಂಡ.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಮಾಮ ಚೀಲ ಎತ್ತಿಕೊಂಡ. “ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ. ಬಸ್ಸು ಬಂತು, ಬರ್ತೀನಿ.”

“ಬಸ್ಸಾ?” ಅಜ್ಜಿ ಬೆಚ್ಚಿಬಿದ್ದಳು. “ಸಮುದ್ರದಿಂದ ನಡೆದು ಬಂದು, ಮನೆ ಬಾಗಿಲ ಹತ್ರ ಬಸ್ಸು ಹತ್ತೋದಾ? ನಾಳೆ ಜನ ಏನಂತಾರೆ? ಪೂರ್ತಿ ಬಸ್ಸಲ್ಲೇ ಬಂದ ಅಂತಾರೆ.”

“ಅಂದ್ರೆ ಅನ್ಲಿ ಬಿಡಿ ಅಜ್ಜಿ, ನನಗೇನೂ ಬೇಜಾರಿಲ್ಲ.”

“ನಮಗಿದೆ!” ಎಂದ ಗಿರಣಿಯವನು.

ಮಾಮ ಕುಂಟುತ್ತಲೇ ಓಡಿದ. ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಕೈ ಕಂಬಿಯ ಮೇಲಿತ್ತು. ಅಷ್ಟರಲ್ಲಿ ಹಿಂದಿನಿಂದ ಕ್ಷೌರಿಕ ಕೂಗಿ ಕಂಡಕ್ಟರನಿಗೆ ವಿಷಯ ತಿಳಿಸಿಬಿಟ್ಟ. ಕಂಡಕ್ಟರ್ ಟೋಪಿ ತೆಗೆದು, ಕೆಳಗಿಳಿದು, ಮಾಮನ ಕೈ ಕುಲುಕಿ, ಅದೇ ಕೈಯನ್ನು ಕಂಬಿಯಿಂದ ಮೆಲ್ಲಗೆ ಬಿಡಿಸಿದ.

“ಕ್ಷಮಿಸಿ ಸಾರ್. ಇಷ್ಟು ದೊಡ್ಡ ಸಾಧನೆ ಹಾಳು ಮಾಡಿದ ಕೆಟ್ಟ ಹೆಸರು ನನ್ನ ಬಸ್ಸಿಗೆ ಬೇಡ. ರೈಟ್!”

ಕಿಟಕಿಗಳಿಂದ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಬಸ್ಸು ಹೊಗೆ ಬಿಟ್ಟುಕೊಂಡು ಮಾಮನ ಊರಿನ ಕಡೆಗೆ ಹೊರಟುಹೋಯಿತು. ಒಳಗೆ ಎಷ್ಟೋ ಸೀಟು ಖಾಲಿ ಇದ್ದವು.

“ಒಬ್ಬನೇ ಹೋಗ್ಬೇಡ, ಮತ್ತೆ ದಾರಿ ತಪ್ಪೀಯ” ಎಂದಳು ಅಜ್ಜಿ. “ನಾವೆಲ್ಲ ಬಿಟ್ಟು ಬರ್ತೀವಿ.”

ಗಿರಣಿಗೆ ಬೀಗ ಬಿತ್ತು. ಹಾಲಿನವನು ಮಾಮನ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡ. ಹೆಡ್‌ಮೇಡಂ ಕೊಡೆ ಬಿಚ್ಚಿದರು. ಕ್ಷೌರಿಕ ಹತ್ತಿಯ ಉಂಡೆ ಹಿಡಿದು ಮಾಮನ ಕಾಲನ್ನೇ ನೋಡುತ್ತ ನಡೆದ. ಹಿಟ್ಟಿನಲ್ಲಿ ಮಿಂದ ಗಿರಣಿಯವನು ಅಂಗಿ ಕೊಡವಿಕೊಂಡು ಎಲ್ಲರ ಮುಂದೆ. ಹೀಗೆ ನಿನ್ನೆ ಬಂದ ದಾರಿಯಲ್ಲೇ ಮಾಮನ ಮೆರವಣಿಗೆ ಹಿಂದಕ್ಕೆ ಹೊರಟಿತು.

ವಿಚಿತ್ರವೆಂದರೆ, ನಿನ್ನೆ ಮುಗಿಯದೆ ಕಾಡಿದ್ದ ದಾರಿ ಇವತ್ತು ಅಷ್ಟು ಉದ್ದವಿರಲಿಲ್ಲ. ಮಾತು, ನಗು, ಮರದ ನೆರಳಲ್ಲಿ ರೊಟ್ಟಿ ಬಿಚ್ಚಿ ಹಂಚಿಕೊಂಡ ಊಟ. ಸೋದರಮಾವ ಅಲೆಗಳನ್ನು ಬರೆಯುತ್ತ ಹೇಳುತ್ತಿದ್ದದ್ದು ಇಂಥ ದಾರಿಯ ಕತೆಯೇ ಇರಬೇಕು ಎನಿಸಿ ಮಾಮನಿಗೆ ಹಿತವಾಯಿತು, ಅಳುವೂ ಬಂತು. ಕಾಲು ಮಾತ್ರ ಹೆಜ್ಜೆಗೊಮ್ಮೆ ನಿಜ ನೆನಪಿಸುತ್ತಿತ್ತು.

ಅಜ್ಜಿ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು. “ನಮ್ಮ ಯಜಮಾನ್ರೂ ಹೇಳ್ತಾನೇ ಇದ್ರು. ಈ ವರ್ಷ ಗಿರಣಿ ಕೆಲಸ ಕಮ್ಮಿಯಾಗ್ಲಿ, ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ ಅಂತ. ಕೆಲಸ ಕಮ್ಮಿ ಆಗ್ಲೇ ಇಲ್ಲ. ಅವರೇ ಹೋಗ್ಬಿಟ್ರು. ನೀನು ನೋಡಿದ್ಯಲ್ಲ, ಬಿಡು. ನಮ್ಮ ಪೈಕಿ ಒಬ್ಬ ನೋಡಿದ ಹಾಗಾಯ್ತು.”

ಮಾಮ ನಡಿಗೆ ನಿಧಾನಿಸಿದ. ಈಗಲೇ ಹೇಳಿಬಿಡಬೇಕು ಎಂದು, “ಅಜ್ಜೀ, ನಿಜ ಹೇಳ್ಬೇಕಂದ್ರೆ...” ಎಂದು ಬಾಯಿ ತೆರೆದ. ಅಜ್ಜಿ ತನ್ನ ಪಾಲಿನ ಕೊನೆಯ ರೊಟ್ಟಿಯ ತುಂಡನ್ನು ಆ ಬಾಯಿಗಿಟ್ಟು, “ಮೊದಲು ತಿನ್ನು” ಎಂದಳು. ತಿಂದು ಮುಗಿಯುವಷ್ಟರಲ್ಲಿ ಧೈರ್ಯವೂ ಮುಗಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಮೆರವಣಿಗೆ ಮಾಮನ ಬೀದಿಯೊಳಗೆ ನುಗ್ಗಿತು. ಟೈಲರ್ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು, ಹೊರಗೆ ಬಂದ.

“ಏನ್ ಮಾಮ, ನಿನ್ನೆ ತಾನೇ...”

“ಸಮುದ್ರದಿಂದ ನಡ್ಕೊಂಡು ಬಂದಿದ್ದಾರೆ!” ಎಂದು ಗಿರಣಿಯವನು ಬೀದಿಗೆಲ್ಲ ಕೇಳುವಂತೆ ಕೂಗಿದ.

ಮಾಮ ಕಣ್ಣು ಮುಚ್ಚಿಕೊಂಡ. ಟೈಲರನಿಗೆ ಬಾಯಿ ತೆರೆಯಲು ಇನ್ನೊಂದು ಉಸಿರು ಸಾಕಾಗಿತ್ತು. ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊಸ್ತಿಲು ದಾಟಿದಳು. ಗಂಡನ ಮುಖ ನೋಡಿದಳು, ಬಟ್ಟೆ ಸುತ್ತಿದ ಕಾಲು ನೋಡಿದಳು, ಬೆವರಿ ನಿಂತ ಅಜ್ಜಿಯನ್ನು ನೋಡಿದಳು. ಎಲ್ಲವೂ ಅರ್ಥವಾಯಿತು.

“ಬನ್ನಿ ಬನ್ನಿ, ಕಾಯ್ತಾ ಇದ್ದೆ” ಎಂದಳು. “ಟೈಲರಣ್ಣ, ಇಷ್ಟು ಜನ ಬಂದಿದ್ದಾರೆ, ಸುಮ್ನೆ ನಿಂತ್ಕೊಂಡು ಏನ್ ನೋಡ್ತೀರಿ? ನಾಲ್ಕು ಕುರ್ಚಿ ತನ್ನಿ.”

ಟೈಲರ್ ತೆರೆದ ಬಾಯಿ ಮುಚ್ಚಿ ಕುರ್ಚಿ ತರಲು ಹೋದ. ಮಾಮನಿಗೆ ಹೆಂಡತಿಯ ಮೇಲೆ ಮದುವೆಯಾದ ಹೊಸತರಲ್ಲೂ ಇರದಿದ್ದ ಪ್ರೀತಿ ಉಕ್ಕಿತು. ಮಾನ ಉಳಿಯಿತು. ರಾತ್ರಿ ಇವರೆಲ್ಲ ಇಲ್ಲೇ ಮಲಗಿ, ಬೆಳಿಗ್ಗೆ ಬಸ್ಸು ಹತ್ತಿ ಹೋದರೆ, ಅಲ್ಲಿಗೆ ಎಲ್ಲ ಮುಗಿದಂತೆ.

ಊಟವಾಯಿತು. ಅಡುಗೆಮನೆಯಲ್ಲಿ ಹೆಂಡತಿ ಅಜ್ಜಿಯ ಕಾಲಿಗೆ ಬಿಸಿನೀರು ಹಾಕುತ್ತ ಬಹಳ ಹೊತ್ತು ಮಾತಾಡಿದಳು. ಆಮೇಲೆ ಇಬ್ಬರೂ ಹೊರಗೆ ಬಂದರು. ಅಜ್ಜಿಯ ಮುಖ ಹೊಳೆಯುತ್ತಿತ್ತು.

“ನೋಡು ಮಗಾ, ಇಷ್ಟು ವರ್ಷ ಈ ಕಾಲು ಊರು ದಾಟಲ್ಲ ಅನ್ಕೊಂಡಿದ್ದೆ. ಇವತ್ತು ನಿನ್ನ ನೆಪದಲ್ಲಿ ಇಷ್ಟು ದೂರ ನಡೆದೆ, ಏನೂ ಆಗ್ಲಿಲ್ಲ. ಇನ್ನು ಸಮುದ್ರ ನೋಡದೆ ಸಾಯಲ್ಲ. ಬೆಳಿಗ್ಗೆ ಎಲ್ಲರೂ ನಡ್ಕೊಂಡೇ ಹೊರಡೋದು ಅಂತ ಮಾತಾಗಿದೆ.”

“ಒಳ್ಳೇದು ಅಜ್ಜಿ, ಹೋಗ್ಬನ್ನಿ” ಎಂದ ಮಾಮ ಉದಾರವಾಗಿ.

“ಹೋಗ್ಬನ್ನಿ ಅಂದ್ರೆ? ನಮಗೆ ದಾರಿ ಗೊತ್ತಾ? ನೋಡಿರೋನು ನೀನೊಬ್ಬನೇ. ನೀನೇ ಮುಂದೆ.”

ಮಾಮ ಗಾಬರಿಯಿಂದ ಕ್ಷೌರಿಕನ ಕಡೆ ನೋಡಿದ. ಕ್ಷೌರಿಕ ಹತ್ತಿಯ ಉಂಡೆ ಮೇಲೆತ್ತಿ ತೋರಿಸಿ, ಬೇಕಾದಷ್ಟಿದೆ ಎಂಬಂತೆ ತಲೆಯಾಡಿಸಿದ. ಹೆಡ್‌ಮೇಡಂ, “ಆ ದೋಣಿ ನಾವು ಹೋಗೋ ತನಕ ಇರತ್ತಲ್ಲ?” ಎಂದು ಕೇಳಿದರು.

ಅವನು ಎದ್ದು, ಹೆಂಡತಿಯನ್ನು ಮೂಲೆಗೆ ಕರೆದು ಪಿಸುಗುಟ್ಟಿದ. “ಏನೇ ಇದು? ನಿನಗೆ ಗೊತ್ತಲ್ಲ, ನಾನು ಗಿರಣಿ ದಾಟಿ ಒಂದು ಹೆಜ್ಜೆಯೂ...”

“ಗೊತ್ತು ರೀ. ಅದಕ್ಕೇ ನಾನೂ ಬರ್ತಿದ್ದೀನಿ” ಎಂದಳು ಅವಳು. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಕ್ಷೌರಿಕನ ಕೈಯಿಂದ ಹತ್ತಿ ತೆಗೆದುಕೊಂಡಳು. “ಎಲ್ಲಿ, ಕಾಲು ನೀಡಿ. ಬೆಳಿಗ್ಗೆ ಬೇಗ ಏಳ್ಬೇಕು.”