ಖಾಲಿ ಕುರ್ಚಿಯ ನಾಟಕ

ಅನರ್ಥಕ್ಕೆಲ್ಲ ಮೂಲ ಒಂದು ಬೆತ್ತದ ಕುರ್ಚಿ.

ಹುಚ್ಚರಾಯಪ್ಪನವರು ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮನೆಗೆ ಬಂದರೆ ವಿಡಂಬನ ಕಾದಂಬರಿಕಾರರು. ಐವತ್ತೇಳನೇ ಇಸವಿಯಲ್ಲಿ ಅವರ ಕಾದಂಬರಿ ಅಚ್ಚಾದಾಗ, ಕಚೇರಿಯ ಸಾಹೇಬರು ಅದರೊಳಗಿನ ಬೊಜ್ಜಿನ ಅಧಿಕಾರಿಯ ವರ್ಣನೆಯನ್ನು ಎರಡು ಸಲ ಓದಿ, ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, "ಇನ್ನೊಂದ್ಸಲ ಇಂಥಾದ್ದು ಬರೆದರೆ ನೌಕರಿ ಉಳಿಯೋದಿಲ್ಲ ನೋಡ್ರಿ" ಎಂದಿದ್ದರು. ಆದಕಾರಣ ಹುಚ್ಚರಾಯಪ್ಪನವರು ಮರುವರ್ಷ ಕಾದಂಬರಿ ಬಿಟ್ಟು ಪ್ರಯೋಗ ನಾಟಕಕ್ಕೆ ಕೈಹಾಕಿದರು.

ಈ ನಾಟಕಕ್ಕೆ ಪರದೆಯಿಲ್ಲ, ಹಾಡಿಲ್ಲ, ರಾಜನಿಲ್ಲ, ಗ್ಯಾಸ್ ಲೈಟೂ ಇಲ್ಲ. ಹಾಡುಹಗಲಲ್ಲಿ ಒಂದು ಜಗಲಿಯ ಮೇಲೆ ಖಾಲಿ ಕುರ್ಚಿ. ಜನ ಅದರ ಮುಂದೆ ನಿಂತು ಅರ್ಜಿ ಓದುತ್ತಾರೆ, ಕುರ್ಚಿ ಉತ್ತರಿಸುವುದಿಲ್ಲ. ಅದು ಕಡೆಯವರೆಗೂ ಖಾಲಿಯಿರುವುದೇ ನಾಟಕದ ಜೀವ. ಸಾಹೇಬರ ಕಿವಿಗೆ ಬೀಳದಿರಲೆಂದು ಆಟವನ್ನು ಸೊರಬದಾಚೆ ಕುಪ್ಪಗಡ್ಡೆಯಲ್ಲಿಟ್ಟು, ಅತ್ತೆಗೆ ಕಾಯಿಲೆಯೆಂದು ರಜೆ ಬರೆದುಕೊಟ್ಟು ಹೊರಟರು.

ಊರ ಹಿರಿಯ ಜಟ್ಟಪ್ಪ ಎದುರುಗೊಂಡ.

"ನಿಮಗೆ ನಾಚಿಕೆ ಜಾಸ್ತಿ ಮಾರಾಯ್ರೆ. ಅದಕ್ಕೇ ನಿಮ್ಮ ಸಾಹೇಬ್ರನ್ನ ನಾನೇ ಕರ್ದು ಬಂದೆ."

ಹುಚ್ಚರಾಯಪ್ಪನವರು ದಾರಿಯ ಕಡೆ ಕತ್ತು ಚಾಚಿದರು. "ಬರ್ತಾರಂತಾ?"

"ಹೊತ್ತಾತು, ಬರಾಕಿಲ್ಲ ಕಾಣ್ತದೆ. ಶುರು ಮಾಡಿ."

ಮೊದಲ ಅರ್ಜಿದಾರನ ಪಾತ್ರದ ದರ್ಜಿ ಹಬೀಬುಲ್ಲಾ ಜಗಲಿಯೇರಿ ಅರ್ಜಿ ಬಿಚ್ಚುವುದಕ್ಕೂ ಸಾಹೇಬರ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಜನರೆಲ್ಲ ಚಾಪೆಯ ಮೇಲೆ. ಅಧಿಕಾರಿಯನ್ನು ನೆಲಕ್ಕೆ ಕೂರಿಸುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಜಟ್ಟಪ್ಪ ಸುತ್ತ ನೋಡಿದ. ಇದ್ದದ್ದು ಒಂದೇ ಕುರ್ಚಿ. ಸಾಹೇಬರ ಕೈಹಿಡಿದು ನೇರವಾಗಿ ಜಗಲಿಗೆ ಕರೆದೊಯ್ದು ಅದರಲ್ಲಿ ಕೂರಿಸಿಬಿಟ್ಟ. ಕಂಬದ ಮರೆಯಿಂದ ಹುಚ್ಚರಾಯಪ್ಪನವರು ಎರಡೂ ಕೈಯಾಡಿಸಿ ಬೇಡವೆಂದರು.

"ತಡೀರಿ ಮಾರಾಯ್ರೆ, ಹಾರ ತರ್ತಾ ಇದಾರೆ" ಎಂದ ಜಟ್ಟಪ್ಪ.

ಕಂಠಪಾಠ ಮಾಡಿದ್ದ ಹಬೀಬುಲ್ಲಾ ನಿಲ್ಲಿಸಲಿಲ್ಲ. "ಮಹಾಸ್ವಾಮಿ, ನನ್ನ ಗದ್ದೆ ಪಹಣಿಯಲ್ಲಿ ಕೆರೆಯೊಳಗೆ ಹೋಗ್ಯದೆ."

ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಸಾಹೇಬರ ಬಾಯಿ ತಾನಾಗಿ ನುಡಿಯಿತು: "ಕಡತ ನೋಡಬೇಕು. ಮುಂದಿನ ವಾರ ಬಾ."

ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ಅರ್ಜಿದಾರ ಬಂದ. "ಬುದ್ಧಿ, ದಫ್ತರದಲ್ಲಿ ನಾನು ಸತ್ತು ಮೂರು ವರ್ಷವಾತು."

"ಬದುಕಿರೋದಕ್ಕೆ ರುಜುವಾತು ತಂದಿದೀಯಾ?"

ಚಪ್ಪಾಳೆಗೆ ಹೆಂಚು ನಡುಗಿತು. ಹುರುಪೇರಿ ಮುದುಕಿ ಗುಡ್ಡಮ್ಮ ಚಾಪೆಯಿಂದಲೇ ಎದ್ದು ಬಂದು ತನ್ನ ನಿಜವಾದ ಅರ್ಜಿಯನ್ನೇ ಹಿಡಿದಳು. ಅದಕ್ಕೂ "ಮುಂದಿನ ವಾರ ಬಾ" ಎಂಬ ಉತ್ತರವೇ ಬಂತು.

ಆಟ ಮುಗಿಯಿತು. ಸಾಹೇಬರು ಹಾರದೊಳಗಿಂದಲೇ ಸನ್ನೆ ಮಾಡಿದರು. ಹುಚ್ಚರಾಯಪ್ಪನವರು ಮನಸ್ಸಿನಲ್ಲೇ ನೌಕರಿಗೆ ಎಳ್ಳುನೀರು ಬಿಟ್ಟು ಹತ್ತಿರ ಹೋದರು.

"ಅತ್ತೆ ಹೇಗಿದಾರ್ರಿ?"

"ಗುಣ ಆಗ್ತಾ ಇದೆ ಸಾರ್."

"ಆಗಲಿ. ಅಲ್ರೀ, ಇಷ್ಟು ಒಳ್ಳೆ ಪಾರ್ಟು ನನಗೇ ಅಂತ ಬರೆದು, ಮೊದಲೇ ಹೇಳಬಾರದಾ? ಹಳೇ ಕಾದಂಬರಿ ಮಾಫು. ಬರೋ ತಿಂಗಳು ಶಿಕಾರಿಪುರದಲ್ಲೇ ಆಡೋಣ. ಪರದೆ ಹಾಕ್ಸಿ, ನನ್ನನ್ನ ರಾಜನ್ನ ಮಾಡಿ. ಬರುವಾಗ ಒಂದು ಹಾಡು, ಹೋಗುವಾಗ ಎರಡು."

ಮರುದಿನದಿಂದ ಸಾಹೇಬರು ಪ್ರವಾಸಿ ಮಂದಿರದಲ್ಲಿ ಹಾರ್ಮೋನಿಯಂ ಮುಂದೆ ಕುಳಿತರು. ಕಚೇರಿಯಲ್ಲಿ ಅವರ ಕುರ್ಚಿಯೆದುರು ಅರ್ಜಿ ಹಿಡಿದವರ ಸಾಲು ಬಾಗಿಲು ದಾಟಿತ್ತು. ಶಿಕಾರಿಪುರದಲ್ಲಿದ್ದ ತಮ್ಮನ ಮನೆಯ ಅರ್ಜಿಯೊಂದನ್ನು ತಂದು ಹಬೀಬುಲ್ಲಾನೂ ಅದರಲ್ಲಿ ನಿಂತಿದ್ದ.

"ಈಗ ಸರಿಯಾಯ್ತು ನೋಡ್ರಿ ಹುಚ್ಚರಾಯಪ್ಪನೋರೆ. ಕುರ್ಚಿ ಖಾಲಿ ಅದೆ" ಎಂದ.

ರಾಜನ ಪ್ರವೇಶದ ಹಾಡಿಗೆ ಪ್ರಾಸ ಹುಡುಕುತ್ತಿದ್ದ ಹುಚ್ಚರಾಯಪ್ಪನವರು ತಲೆಯೆತ್ತಲಿಲ್ಲ.

"ಮುಂದಿನ ವಾರ ಬಾ" ಎಂದರು.

ಯಾರೂ ನಗಲಿಲ್ಲ.