ಕಾಲು ನೀಡಲು ಒಂದು ಕಡಲು

ನಮ್ಮ ಮನೆಯಲ್ಲಿ ಯಾರಿಗಾದರೂ ಒಂದು ಸಣ್ಣ ಆಸೆ ಹುಟ್ಟಿದರೆ ಸಾಕು, ಅದು ಮಧ್ಯಾಹ್ನದೊಳಗೆ ಗಂಜಾಮಿನ ಬೀದಿ ದಾಟುತ್ತದೆ, ಸಂಜೆಗೆ ಹಿರೋಡೆ ಮುಟ್ಟುತ್ತದೆ, ಆಮೇಲೆ ಅತ್ತಿಗುಪ್ಪೆ ಕಡೆಯ ನೆಂಟರ ಬಾಯಲ್ಲಿ ಬೇರೆಯೇ ಕತೆಯಾಗಿ ನಮ್ಮ ಬಾಗಿಲಿಗೇ ವಾಪಸು ಬರುತ್ತದೆ. ಎಷ್ಟು ಸಲ ಹೀಗಾದರೂ ನಮಗೆ ಬುದ್ಧಿ ಬಂದಿಲ್ಲ.

ನಾನು ಗಾಡಿ ಮಾಡುವ ಬಡಗಿ. ಶ್ರೀರಂಗಪಟ್ಟಣದ ಕೋಟೆಯ ಆಚೆ, ಗಂಜಾಮಿನಲ್ಲಿ ನನ್ನ ಮನೆ, ಮನೆಯ ಮುಂದೆಯೇ ಕೆಲಸದ ಕೊಟ್ಟಿಗೆ. ಊರಿನ ಅರ್ಧ ಜನ ನಾನು ಮಾಡಿದ ಗಾಡಿಯಲ್ಲಿ ಎಲ್ಲೆಲ್ಲೋ ಹೋಗಿ ಬಂದಿದ್ದಾರೆ. ನಾನು ಮಾತ್ರ ನಾಗಮಂಗಲದ ಮಾವನ ಮನೆಯಿಂದಾಚೆ ಹೋದವನಲ್ಲ.

ಕೋಟೆಯವರಿಗೆ ಕೊಡಬೇಕಾದ ಗಾಡಿಗಳೆಲ್ಲ ಮುಗಿದು, ದಂಡಿನ ಗದ್ದಲವೂ ಅಡಗಿ, ಕೈ ಬಿಡುವಾಗಿದ್ದ ವರ್ಷ ಅದು. ನನ್ನ ಹೆಂಡತಿ ಒಂದು ದಿನ ಮುದ್ದೆ ಬಡಿಸುತ್ತಾ, "ಒಂದ್ಸಲ ಸಮುದ್ರ ತೋರಿಸ್ತೀರಾ?" ಅಂದಳು.

"ಅಲ್ಲಿಗೋಗಿ ಏನ್ ಮಾಡ್ತೀಯೆ?"

"ಕಾಲು ನೀಡ್ಕೊಂಡು ಕುಂತ್ಕೋತೀನಿ."

ನಗು ಬಂತು, ಆಮೇಲೆ ನಗು ನಿಂತಿತು. ಹಿರಿಯರ ಎದುರು, ದೇವರ ಎದುರು ಸೊಸೆಯಾದವಳು ಕಾಲು ನೀಡುವಂತಿಲ್ಲ. ನಮ್ಮ ಮನೆಯಲ್ಲಿ ಮುಂದುಗಡೆ ಗಿರಾಕಿಗಳು, ನಡುಮನೆಯಲ್ಲಿ ನಮ್ಮವ್ವ, ಹಿಂದುಗಡೆ ದೇವರ ಗೂಡು. ಮದುವೆಯಾಗಿ ಬಂದಾಗಿನಿಂದ ಪಾಪ ಅವಳು ಮಡಿಸಿದ ಕಾಲು ಬಿಡಿಸಿಲ್ಲ. ಹೊಳೆಯ ದಂಡೆಗೆ ಹೋದರೂ ಎದುರು ದಡದಲ್ಲಿ ಯಾರೋ ನೆಂಟರು ಬಟ್ಟೆ ಒಗೆಯುತ್ತಿರುತ್ತಾರೆ. ಸಮುದ್ರಕ್ಕೆ ಎದುರು ದಡವೇ ಇಲ್ಲವಂತೆ ಎಂದು ಅವಳು ಎಲ್ಲೋ ಕೇಳಿಕೊಂಡು ಬಂದಿದ್ದಳು.

"ಆಗಲಿ, ಓಗವ" ಅಂದೆ. ಅಲ್ಲಿಂದ ಶುರುವಾಯಿತು.

ಸತ್ತವರು ಯಾರು?

ಸಮುದ್ರಕ್ಕೆ ಹೋಗುವವರು ಅಂದರೆ ನಮ್ಮ ಕಡೆ ಒಂದೇ ಅರ್ಥ. ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಬೂದಿ ಬಿಡಲು ಹೊರಟಿದ್ದಾರೆ. ಸುಮ್ಮನೆ ಕೂತುಕೊಳ್ಳಲು ಯಾರಾದರೂ ಅಷ್ಟು ದೂರ ಹೋಗುತ್ತಾರೆಂದು ನಂಬುವ ಜನ ನಮ್ಮಲ್ಲಿ ಹುಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಸಂತೆಬಾಚಹಳ್ಳಿಯ ನನ್ನ ಸೋದರತ್ತೆ ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಬಂದಳು. "ಅಯ್ಯೋ ನನ್ನತ್ತಿಗೆ, ಒಂದು ಮಾತೂ ಏಳ್ದೆ ಓಗ್ಬುಟ್ಯಲ್ಲ! ಎಂಥಾ ಚಿನ್ನದಂಥಾ ಎಂಗಸು!" ಅಂತ ಗೋಳಾಡುತ್ತಾ ಹೊಸ್ತಿಲು ದಾಟಿದಳು.

ನಡುಮನೆಯಲ್ಲಿ ನಮ್ಮವ್ವ ಹುರುಳಿಕಾಳು ಆರಿಸುತ್ತಾ ಕೂತಿದ್ದಳು. ತಲೆ ಎತ್ತಿ ನೋಡಿದಳು. ಅತ್ತೆ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಳು.

"ಯಾಕ್ ನಿಲ್ಲಿಸ್ಬುಟ್ಟೆ?" ಅಂದಳು ಅವ್ವ. "ಬದುಕಿದ್ದಾಗ ಒಂದಿನಾನೂ ನನ್ನ ಇಂಗೆ ಒಗಳಿರ್ಲಿಲ್ಲ. ಕುಂತ್ಕೊ, ಉಂಡ್ಕೊಂಡು ಮುಂದಕ್ಕೆ ಅಳೀವಂತೆ."

ಸಮುದ್ರ ಕುಡಿದವರು

ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಲು ಸಮುದ್ರ ಕಂಡವರನ್ನು ಕೇಳಬೇಕಲ್ಲ. ನಮ್ಮ ಬೀದಿಯ ಅಕ್ಕಸಾಲಿಗ ರಾಮೇಶ್ವರಕ್ಕೆ ಹೋಗಿ ಬಂದವನೆಂದು ಹೆಸರು ಮಾಡಿದ್ದ. ದಿನಾ ನಮ್ಮ ಕೊಟ್ಟಿಗೆಗೆ ಬಂದು ಮರದ ದಿಮ್ಮಿಯ ಮೇಲೆ ಕೂತು ವರ್ಣಿಸಿದ್ದೇ ವರ್ಣಿಸಿದ್ದು.

"ಅಲೆ ಅಂದ್ರೆ ಅಲೆ ಕಣ್ಲಾ! ನಮ್ಮ ಕೋಟೆ ಗೋಡೆ ಎದ್ದು ಬಂದಂಗೆ!"

ನನ್ನ ಹೆಂಡತಿ ಬಾಗಿಲ ಮರೆಯಿಂದ ಕೇಳಿದಳು. "ನೀರು ಎಂಗಿರ್ತದಣ್ಣ?"

"ನೀರಾ? ನಡೆದು ನಡೆದು ದಣಿದಿದ್ದೆ ಕಣವ್ವ. ಬೊಗಸೆ ಬೊಗಸೆ ಎತ್ಕೊಂಡು ಒಟ್ಟೆ ತುಂಬ ಕುಡ್ದೆ. ಎಳನೀರು! ಕಾವೇರಿನೂ ಅದರ ಮುಂದೆ ಏನೂ ಅಲ್ಲ!"

ಆ ಹೊತ್ತಿಗೆ ಸಿಂಧಘಟ್ಟದ ಉಪ್ಪಿನವನೂ ಅಲ್ಲಿದ್ದ. ಘಟ್ಟ ಇಳಿದು, ಎತ್ತುಗಳ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಬರುವುದೇ ಅವನ ಕಸುಬು. ಅವನು ಅಕ್ಕಸಾಲಿಗನ ಮುಖವನ್ನು ಬಹಳ ಹೊತ್ತು ನೋಡಿದ. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದ. "ನಿಮ್ಮ ಪುಣ್ಯ ಬುಡಿ ಸ್ವಾಮಿ. ಆ ನೀರು ನಮ್ಗೆ ಸಿಕ್ಕಿದ್ರೆ ನಾನು ಉಪ್ಪು ಬುಟ್ಟು ಬೆಲ್ಲ ಮಾರ್ತಿದ್ದೆ."

ಅಕ್ಕಸಾಲಿಗ ಆಮೇಲೆ ಬಹಳ ದಿನ ನಮ್ಮ ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡಿದ.

ದೇವರು ಕಡಿಮೆ ಇರೋ ಕಡೆ

ಅಷ್ಟರಲ್ಲಿ ಅವ್ವ ಎಲ್ಲರ ಎದುರು ಘೋಷಿಸಿದಳು. "ನಾನೂ ಬತ್ತೀನಿ."

ನನ್ನ ಹೆಂಡತಿಯ ಮುಖ ಬಾಡಿ ಹೋಯಿತು. ಯಾರ ಎದುರು ಕಾಲು ಮಡಿಸಿ ಸಾಕಾಗಿ ಹೊರಟಿದ್ದಳೋ ಆ ಅತ್ತೆಯೇ ಗಾಡಿ ಹತ್ತಿದರೆ ಸಮುದ್ರ ಇದ್ದೇನು ಬಂತು? ಆದರೆ ಹೆತ್ತವ್ವನಿಗೆ ಬೇಡ ಅನ್ನಲು ಬಾಯಿ ಬರುತ್ತದೆಯೇ?

ಅವ್ವನಿಗೆ ಗೋಕರ್ಣವೇ ಬೇಕು. "ಎಜ್ಜೆ ಎಜ್ಜೆಗೂ ಲಿಂಗ ಅಂತೆ ಕಣ್ಲಾ, ಕಾಲಿಡಾಕೂ ಜಾಗ ಇಲ್ವಂತೆ!"

ಒಳಗಿನಿಂದ ಸಣ್ಣ ದನಿ ಬಂತು. "ಕಾಲಿಡಾಕೇ ಜಾಗ ಇಲ್ದಿದ್ರೆ ನೀಡೋದೆಲ್ಲಿ?"

ಅವಳಿಗೆ ದೇವರು ಆದಷ್ಟು ಕಡಿಮೆ ಇರುವ ಸಮುದ್ರ ಬೇಕು. ದೇವರಿದ್ದರೆ ಉಪವಾಸ, ಒದ್ದೆ ಸೀರೆ, ಪ್ರದಕ್ಷಿಣೆ; ಅದಕ್ಕಿಂತ ಮನೆಗೆಲಸವೇ ವಾಸಿ. ಅವ್ವನಿಗೆ ದೇವರಿಲ್ಲದ ನೀರು ಬರೀ ಕೆರೆ. ನಾನು ಇಬ್ಬರ ನಡುವೆ ಉಳಿಯ ಕೆಳಗಿನ ಮರವಾಗಿದ್ದೆ.

ಬಗೆಹರಿಸಿದವನು ಉಪ್ಪಿನವನು. ಮಂಗಳೂರಿನಿಂದ ಸ್ವಲ್ಪ ಆಚೆ, ಅವನು ಉಪ್ಪು ತುಂಬಿಸಿಕೊಳ್ಳುವ ಒಂದು ಹಳ್ಳಿ. ದಂಡೆಯಲ್ಲಿ ಮರಳು, ತೆಂಗು ಬಿಟ್ಟರೆ ಇನ್ನೇನೂ ಇಲ್ಲ. ದೇವರು ಬೇಕಾದರೆ ಒಂದು ದಿಕ್ಕಿಗೆ ನಡೆದರೆ ಕದ್ರಿ, ಇನ್ನೊಂದು ದಿಕ್ಕಿಗೆ ನಡೆದರೆ ಉಡುಪಿ.

"ಬೇಕಾದೋರು ಎದ್ದೋಗಿ ನೋಡ್ಕೊಂಡು ಬರ್ಬೋದು, ಬ್ಯಾಡ್ದೋರು ಬಿದ್ಕೋಬೋದು" ಅಂದ.

"ಅವ್ವ ಎದ್ದೋಗ್ತಾರೆ" ಅಂದಳು ನನ್ನ ಹೆಂಡತಿ, ಮೊದಲ ಸಲ ಜೋರಾಗಿ.

ಸುಂಕದ ಕಟ್ಟೆ

ಈ ಪ್ರಯಾಣಕ್ಕೆಂದೇ ನಾನೊಂದು ಗಾಡಿ ಮಾಡಿದೆ. ಮೇಲೆ ಬಿದಿರಿನ ಕಮಾನು, ಒಳಗೆ ಮೆತ್ತಗೆ ಹುಲ್ಲು. ಬೀದಿಯ ಜನ ಬಂದು ಮುಟ್ಟಿ ಮುಟ್ಟಿ ನೋಡಿದರು, ಜೊತೆಗೆ ತಮ್ಮ ತಮ್ಮ ಹರಕೆಯ ಗಂಟುಗಳನ್ನೂ ಒಳಗಿಟ್ಟು ಹೋದರು. ಸಮುದ್ರರಾಯನಿಗೆ ಒಪ್ಪಿಸಬೇಕಂತೆ. ಅವೆಲ್ಲ ಸೇರಿ ಒಂದು ದೊಡ್ಡ ಮೂಟೆಯಾಯಿತು. ಅವ್ವ ಅದನ್ನೇ ಒರಗುದಿಂಬು ಮಾಡಿಕೊಂಡಳು.

ಘಟ್ಟದ ಬಾಯಿಗೆ ಬಂದಾಗ, ದಾರಿ ತೋರಿಸಲು ತನ್ನ ಎತ್ತುಗಳೊಂದಿಗೆ ಜೊತೆಗೆ ಬಂದಿದ್ದ ಉಪ್ಪಿನವನು, "ಗಾಡಿ ಇಲ್ಲೇ ಬುಟ್ಬುಡಿ. ಕೆಳಕ್ಕೆ ಎತ್ತು ಇಳೀತದೆ, ಗಾಡಿ ಇಳಿಯಾಕಿಲ್ಲ" ಅಂದ.

"ಇದ ಮೊದಲೇ ಏಳ್ಬಾರ್ದೇನ್ಲಾ!"

"ಗಾಡಿ ಮಾಡೋನು ನೀನು. ನಿಂಗೆ ಗೊತ್ತಿರ್ತದೆ ಅಂದ್ಕಂಡೆ."

ಕೊನೆಗೆ ಹರಕೆಯ ಮೂಟೆ ಒಂದು ಎತ್ತಿನ ಮೇಲೇರಿತು, ಇನ್ನೊಂದರ ಮೇಲೆ ಉಪ್ಪಿನ ಚೀಲ ಕೂರುವ ಜಾಗದಲ್ಲಿ ಅವ್ವ ಕೂತಳು. ಮಂಜಿನ ಚಳಿಗೆ ತಲೆತುಂಬ ಕಂಬಳಿ ಹೊದ್ದು, ಎತ್ತಿನ ಬೆನ್ನ ಮೇಲೆ ಮೂಟೆಯ ಹಾಗೆಯೇ ಕಾಣುತ್ತಿದ್ದಳು. ಸುಂಕದ ಕಟ್ಟೆಯವನು ಅಡ್ಡ ಬಂದು, "ಇದೇನು ಸರಕು? ಬೆಲ್ಲಾನಾ?" ಅಂತ ಕೋಲಿನಿಂದ ತಿವಿದ.

ಕಂಬಳಿ ಸರಿಯಿತು. "ಬೆಲ್ಲ ಅಲ್ಲ ಕಣಪ್ಪ" ಅಂದಳು ಅವ್ವ, "ಮೆಣಸಿನಕಾಯಿ! ಇನ್ನೊಂದ್ಸಲ ತಿವಿ ನೋಡವ!"

ಅವನು ಸುಂಕ ಕೇಳದೆ ಬಿಟ್ಟ.

ಕಾಲು

ಅಂತೂ ಸಮುದ್ರ ಕಂಡಿತು. ನನ್ನ ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ದಡ ಹುಡುಕಿದಳು. ನಿಜವಾಗಿಯೂ ಎದುರು ದಡ ಇರಲಿಲ್ಲ, ಬಟ್ಟೆ ಒಗೆಯುವ ನೆಂಟರೂ ಇರಲಿಲ್ಲ. ಓಡಿ ಹೋಗಿ ಮರಳಲ್ಲಿ ಕೂತಳು. ಇನ್ನೇನು ಕಾಲು ಚಾಚಬೇಕು...

"ಆ! ಆ!" ಅಂದಳು ಅವ್ವ. "ಸಮುದ್ರರಾಯನ ಕಡಿಕೆ ಕಾಲಾ?"

ಅವಳು ಹಿಂದಕ್ಕೆ ತಿರುಗಿದಳು. ತೆಂಗಿನ ಮರಗಳ ಮೇಲೆ ಯಾವುದೋ ಗುಡಿಯ ಬಾವುಟ ಕಂಡಿತು. ಎಡಕ್ಕೆ ತಿರುಗಿದಳು, ಅವ್ವ ಮೂಟೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬಲಕ್ಕೆ ತಿರುಗಿದರೆ ನಾನು, ತಾಳಿ ಕಟ್ಟಿದ ಗಂಡ. ರಾಗಿ ಕಲ್ಲಿನ ಹಾಗೆ ಕೂತಲ್ಲೇ ಒಂದು ಸುತ್ತು ಸುತ್ತಿ, ಕೊನೆಗೆ ಮಂಡಿಯ ಮೇಲೆ ತಲೆ ಇಟ್ಟು ಅತ್ತುಬಿಟ್ಟಳು.

"ಏನಾಯ್ತಮ್ಮಿ?"

"ಕಾಲು ನೀಡಾಕೆ ಇಷ್ಟು ದೂರ ಬಂದೆ ಅತ್ತೆ. ಇಲ್ಲೂ ಜಾಗ ಇಲ್ಲ."

ಅವ್ವ ತನ್ನ ಮಂಡಿ ನೀವಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ನಮ್ಮತ್ತೆ ಮುಂದೆ ನಾನೂ ನೀಡಿದೋಳಲ್ಲ ಕಣಮ್ಮಿ. ಈಗ ಮಂಡಿ ಇಡ್ಕೊಂಡು ನೋಯ್ತದೆ. ನಾನು ನೀಡಿದ್ರೆ ನೀನೆಲ್ಲಿ ನಗ್ತೀಯೋ ಅಂತ..."

ಆ ಮಾತು ಮುಗಿಯಲಿಲ್ಲ. ಅಕ್ಕಸಾಲಿಗ ಹೇಳಿದ್ದರಲ್ಲಿ ಒಂದು ಮಾತಾದರೂ ನಿಜವಿತ್ತು. ಕೋಟೆಯ ಗೋಡೆಯಂಥ ಒಂದು ಅಲೆ ಎದ್ದು ಬಂದು ನಮ್ಮ ಮೂವರನ್ನೂ ಮಗುಚಿ ಹಾಕಿತು. ಹರಕೆಯ ಮೂಟೆ ತೇಲಿಕೊಂಡು ತಾನಾಗಿಯೇ ಸಮುದ್ರರಾಯನ ಹತ್ತಿರ ಹೋಯಿತು. ಕಣ್ಣಿನ ಉಪ್ಪು ಒರೆಸಿಕೊಂಡು ನೋಡುತ್ತೇನೆ, ಅವ್ವ ಅಂಗಾತ ಬಿದ್ದಿದ್ದಾಳೆ, ಎರಡು ಕಾಲೂ ನೆಟ್ಟಗೆ ಆಕಾಶಕ್ಕೆ!

ನನ್ನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಸಾಲಲಿಲ್ಲ. ನಗು ಒಡೆದೇ ಹೋಯಿತು.

"ನಗು, ನಗು!" ಅವ್ವನೂ ನಗುತ್ತಾ ಕೂಗಿದಳು. "ನೀಡ್ಕೊಳಮ್ಮಿ, ಎತ್ತಗಾರ ನೀಡ್ಕೊ! ನೀನು ಒಬ್ಬ ದೇವ್ರಿಗೆ ಎದರ್ಕೋತೀಯ. ನಾನು ಮೇಲಿರೋ ಅಷ್ಟೂ ದೇವ್ರ ಕಡಿಕೂ ಒಂದೇ ಏಟ್ಗೆ ನೀಡ್ಬುಟ್ಟೆ!"

ಅತ್ತೆ ಸೊಸೆ ಅಕ್ಕಪಕ್ಕ ಕೂತು ಕಾಲು ನೀಡಿದರು. ಚಿಕ್ಕ ಚಿಕ್ಕ ಅಲೆಗಳು ಬಂದು ನಾಲ್ಕೂ ಪಾದಗಳನ್ನು ತೊಳೆದು ಹೋದವು. ನನ್ನ ಹೆಂಡತಿ ಹಾಗೆ ಕೂತಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೂ ಖುಷಿಯಾಗಿ, ಪಕ್ಕದಲ್ಲಿ ಕೂತು ನಾನೂ ಕಾಲು ಚಾಚಲು ಹೋದೆ.

"ನಿಂಗೇನ್ಲಾ ಇಲ್ಲಿ ಕೆಲ್ಸ?" ಅಂದಳು ಅವ್ವ. "ಎಣ್ಮಕ್ಕಳು ಕಾಲು ನೀಡ್ಕೊಂಡು ಕುಂತವ್ರೆ, ಕಾಣಾಕಿಲ್ವಾ? ಓಗು, ಒಲೆ ಅಚ್ಚು!"

ಅವತ್ತು ನಾನು ಮಾಡಿದ ಅನ್ನ ಸೀದು ಹೋಯಿತು, ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಉಪ್ಪು ಎಲ್ಲಿದೆಯೆಂದು ನಾನು ಕೇಳಿದಾಗ ಇಬ್ಬರೂ ಕಾಲು ಮಡಿಸದೆ, ಕೂತಲ್ಲಿಂದಲೇ ಸಮುದ್ರ ತೋರಿಸಿದರು.